ಅಕ್ಕನ ಮಿಶಿನ್ ತುರೋರಿಗೆ ಹೋದ ವರ್ಷ

ನನಗೀಗ ಸುದ್ದಿ ಎಂದರೆ ಸಾಕಾಗಿಹೋಗಿದೆ. ಮನೆಯ ಹುಡುಗರು ಫೋನು ಹಿಡಿದುಕೊಂಡು ಬಂದು, ಕುಕ್ಕರಿನ ಅನ್ನ ಉಂಡರೆ ಮೊಣಕಾಲು ಸವೆಯುತ್ತದಂತೆ, ಫ್ರಿಜ್ಜಿನ ನೀರು ಕುಡಿದರೆ ಕಿವಿ ಮಂದವಾಗುತ್ತದಂತೆ ಎಂದು ಓದಿ ಹೇಳುತ್ತಾರೆ. ಯಾರು ಬರೆದದ್ದು ಎಂದು ಕೇಳಿದರೆ ಗೊತ್ತಿಲ್ಲ, ಎಲ್ಲರೂ ಕಳಿಸುತ್ತಿದ್ದಾರೆ ಎನ್ನುತ್ತಾರೆ. ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಹೂಂ ಅಂದು ಸುಮ್ಮನಾಗುತ್ತೇನೆ. ಅಜ್ಜಿಗೆ ವಯಸ್ಸಾದ ಮೇಲೆ ತಾಳ್ಮೆ ಬಂದಿದೆ ಎಂದು ಅವರು ತಿಳಿದಿದ್ದಾರೆ. ಬಂದಿರುವುದು ದಣಿವು. ಇಂಥದೇ ಒಂದು ಸುದ್ದಿ ನಾನು ಕೊಟ್ಟ ಮನೆಗೆ ಬಂದು, ಬಿಡಾರ ಹೂಡಿ, ಒಬ್ಬಳನ್ನು ಹಣ್ಣು ಮಾಡಿ ಹೋದದ್ದನ್ನು ಕಣ್ಣಾರೆ ಕಂಡವಳು ನಾನು.

ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಜನ ಮತ್ತೆ ಹೆದರಿಕೆಯಿಲ್ಲದೆ ಊರಿಂದೂರಿಗೆ ಓಡಾಡತೊಡಗಿದ ಮೇಲೆ ನನ್ನ ಮದುವೆಯಾಯಿತು. ತವರು ಕಾಸಾರಶಿರಸಿ, ನಿಲಂಗಾ ತಾಲೂಕಿನ ಸಂತೆಯ ಊರು. ನಮ್ಮದು ಹೊಲ ಮಾಡಿಕೊಂಡಿದ್ದ ಕುಟುಂಬ. ಕೊಟ್ಟ ಮನೆ ಉಮರ್ಗಾದಲ್ಲಿ, ಅರಿವೆ ಅಂಗಡಿಯವರದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮಾವ, ಅತ್ತೆ, ಅವರಿಗೆ ಇಬ್ಬರು ಗಂಡುಮಕ್ಕಳು. ಕಿರಿಯವರು ನನ್ನ ಗಂಡ, ಹಿರಿಯವರು ಭಾವ. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಒಡಹುಟ್ಟಿದ ಅಕ್ಕ ನನಗಿರಲಿಲ್ಲ. ನಾನು ಬಂದ ಮೊದಲ ವಾರವೇ ಅವಳು ಆ ಜಾಗ ಹಿಡಿದಳು.

ಆಗ ಸೋಲಾಪುರದ ಕಡೆಯಿಂದ ಹೊಸ ಹೊಸ ಸಾಮಾನು ಬರತೊಡಗಿದ ಕಾಲ. ಪ್ರತಿಯೊಂದು ಸಾಮಾನಿನ ಮೇಲೂ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಬ್ಯಾಟರಿಯ ಬೆಳಕಿನಲ್ಲಿ ನಡೆದರೆ ಕಣ್ಣಿನ ಸ್ವಂತ ಬೆಳಕು ಇಂಗುತ್ತದೆ ಎಂದು ಮಾವ ಹೇಳುತ್ತಿದ್ದರು, ಹೇಳಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಸೀಮೆಎಣ್ಣೆ ಸ್ಟೋವಿನ ಮೇಲೆ ಮಾಡಿದ ಅಡಿಗೆ ಲಿಂಗಕ್ಕೆ ಎಡೆ ಹಿಡಿಯಲು ಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಚಹಾವನ್ನು ಎಡೆ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಸ್ಟೋವಿನ ಮೇಲೆ ಮಾಡಬಹುದಾಗಿತ್ತು. ಹಾಗಾಗಿ ದಿನವಿಡೀ ಚಹಾ ಆಗುತ್ತಿತ್ತು. ಭಾವ ಉದಗೀರಿನ ಬೀಗರ ಅಡತಿ ಅಂಗಡಿಯಲ್ಲಿ ರೇಡಿಯೊ ಕೇಳಿ ಬಂದವರು, ರೇಡಿಯೊದವನು ಸುಳ್ಳು ಹೇಳಲಾರ ಎಂದು ವಾದಿಸುತ್ತಿದ್ದರು. ಯಾಕೆ ಎಂದರೆ, ಎದುರಿಗೆ ಯಾರೂ ಕೂತಿರುವುದಿಲ್ಲ, ಅಂದ ಮೇಲೆ ಯಾರಿಗೆ ಹೆದರಿ ಸುಳ್ಳು ಹೇಳಬೇಕು ಎನ್ನುವುದು ಅವರ ಲೆಕ್ಕ. ನನ್ನ ಗಂಡ ಇದನ್ನೆಲ್ಲ ಕೇಳಿ ನಗುತ್ತಿದ್ದರು. ಅವರು ಉದಗೀರಿನಲ್ಲಿ ಹೈಸ್ಕೂಲು ಓದಿದವರು, ಮನೆಯಲ್ಲಿ ಅವರ ಮಾತಿಗೆ ಅಷ್ಟಾಗಿ ಬೆಲೆ ಇರಲಿಲ್ಲ.

ಹೊಲಿಗೆ ಮಿಶಿನ್ ತಂದವರೂ ಭಾವನೇ. ಬಸ್ಸಿನ ಟಪ್ಪಿನ ಮೇಲೆ ಗೋಣಿತಟ್ಟು ಸುತ್ತಿಕೊಂಡು ಬಂತು. ಕಾಲಿನಿಂದ ತುಳಿಯುವಂಥದು. ಅಂಗಡಿಯಲ್ಲಿ ಖಣ ಕೊಂಡ ಹೆಂಗಸರು ಅಲ್ಲೇ ಕುಬಸ ಹೊಲಿಸಿಕೊಂಡು ಹೋದರೆ ವ್ಯಾಪಾರಕ್ಕೆ ಒಳ್ಳೆಯದು ಎಂಬ ಯೋಚನೆ. ಕಾಲಿನಿಂದ ತುಳಿದು ಹೊಲಿದ ಅರಿವೆಯನ್ನು ಮೈಮೇಲೆ ಹಾಕಿಕೊಳ್ಳುವುದು ಹೇಗೆ ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಅವರೇ ಬಂದು ಮಿಶಿನ್ನಿನ ಗಾಲಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಈಗ ಹೊಲಿ ಎಂದು ಅಕ್ಕನಿಗೆ ಹೇಳಿದರು. ಅಕ್ಕ ಮೊದಲು ಹಳೆಯ ಧೋತರದ ಚೂರುಗಳ ಮೇಲೆ ಕೈ ಪಳಗಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಹೊಲಿದ ಕುಬಸದ ತೋಳು ಕಂಡು ಪೇಟೆಯ ಸಿಂಪಿಗರೂ ಮೂಗಿನ ಮೇಲೆ ಬೆರಳಿಟ್ಟರು.

ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತೇವೆ. ಐದನೆಯ ಇಲ್ಲವೆ ಏಳನೆಯ ತಿಂಗಳಲ್ಲಿ ಹೊಸ ಹಸಿರು ಕುಬಸ ತೊಡಿಸಿ, ಮುತ್ತೈದೆಯರು ಉಡಿ ತುಂಬಿ, ಹಾಡು ಹೇಳಿ, ಊಟ ಹಾಕುವುದು. ಅಕ್ಕನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳನ್ನು ಉಡಿ ತುಂಬಲು ಯಾರೂ ಕರೆಯುವುದಿಲ್ಲ. ಕರೆದರೂ ಅಡಿಗೆಮನೆಯ ಕಡೆಗೆ ಕಳಿಸುತ್ತಾರೆ. ಮಿಶಿನ್ ಬರುವ ತನಕ ಅಕ್ಕ ಪ್ರತಿ ಕುಬಸದ ಕಾರ್ಯದಲ್ಲೂ ಹೋಳಿಗೆ ಲಟ್ಟಿಸಿ ಬಂದವಳು. ಮಿಶಿನ್ ಬಂದ ಮೇಲೆ ಉಮರ್ಗಾ ಪೇಟೆಯ ಬಸುರಿಯರು ಅವಳ ಹತ್ತಿರ ಅಳತೆ ಕೊಡಲು ಬರತೊಡಗಿದರು. ಅಳತೆ ತೆಗೆದುಕೊಳ್ಳುವಾಗ ಅವಳು ಒಬ್ಬೊಬ್ಬರ ಹೊಟ್ಟೆಯ ಮೇಲೆ ಕೈಯಿಟ್ಟು, ಇನ್ನೆರಡು ತಿಂಗಳಲ್ಲಿ ಎಷ್ಟು ಬಿಗಿಯಾಗುತ್ತದೆ ಎಂದು ಅಂದಾಜು ಮಾಡಿ, ಒಳಗೆ ಅಷ್ಟು ಅರಿವೆ ಬಿಡುತ್ತಿದ್ದಳು. ಕಾರ್ಯದ ದಿನ, ಇದು ಯಾರು ಹೊಲಿದದ್ದು ಎಂದು ಒಬ್ಬರಾದರೂ ಕೇಳುತ್ತಿದ್ದರು. ಅಕ್ಕನನ್ನು ಒಳಗೆ ಕರೆದು ಕೂರಿಸುತ್ತಿದ್ದರು. ಆ ಮಿಶಿನ್ ಅವಳನ್ನು ಅಡಿಗೆಮನೆಯಿಂದ ನಡುಮನೆಗೆ ತಂದಿತ್ತು. ಇದು ಬೇರೆ ಯಾರಿಗೂ ಕಾಣದೆ ಹೋದರೂ ನನಗೆ ಕಂಡಿತ್ತು, ಅವಳಿಗೂ ಗೊತ್ತಿತ್ತು.

ಇಷ್ಟರಲ್ಲಿ ಅತ್ತೆ ಭಾವನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದಿದ್ದರು. ಜೋರಾಗಿ ಅಲ್ಲ. ಜೋಳ ಹಸನು ಮಾಡುತ್ತ, ಯಾರದೋ ಮನೆಯ ಸುದ್ದಿ ಹೇಳಿದಂತೆ, ಅವರ ಮನೆಯಲ್ಲಿ ಎರಡನೆಯವಳು ಬಂದ ವರ್ಷವೇ ತೊಟ್ಟಿಲು ಕಟ್ಟಿದರು ಎನ್ನುವುದು. ಭಾವ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ. ಅಂಗಡಿಯಲ್ಲಿ ಗಜ ಹಿಡಿದು ನಿಂತರೆ ಹೊತ್ತು ಮುಳುಗುವ ತನಕ ಮಾತಾಡುವ ಮನುಷ್ಯ, ಪರದೆ ದಾಟಿ ಒಳಗೆ ಬಂದರೆ ಮೂಗರಾಗುತ್ತಿದ್ದರು.

ಪೇಪರಿನ ವಿಷಯ ಹೇಳಬೇಕು. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ಕನ್ನಡ, ಪೇಟೆಯಲ್ಲಿ ಮರಾಠಿ, ಮಾವ ನಿಜಾಮರ ಕಾಲದ ಶಾಲೆಯಲ್ಲಿ ಕಲಿತದ್ದು ಉರ್ದು. ಸೋಲಾಪುರದಿಂದ ಒಂದು ಮರಾಠಿ ಪೇಪರು ಹೈದರಾಬಾದ್ ರಸ್ತೆಯ ಬಸ್ಸಿಗೆ ಬರುತ್ತಿತ್ತು, ಒಮ್ಮೊಮ್ಮೆ ಒಂದು ದಿನ ತಡವಾಗಿ. ಮಾವನಿಗೆ ಕಣ್ಣು ಮಂಜು. ಆದ್ದರಿಂದ ಅಂಗಡಿಯ ಗುಮಾಸ್ತ ಗಟ್ಟಿಯಾಗಿ ಓದಬೇಕು. ಅವನು ಓದುವ ಪದ್ಧತಿ ಹೀಗೆ: ಮೊದಲು ಎಲ್ಲ ಪುಟಗಳ ದಪ್ಪ ಅಕ್ಷರ, ಆಮೇಲೆ ಪುರಸೊತ್ತು ಸಿಕ್ಕರೆ ಸಣ್ಣ ಅಕ್ಷರ. ದಪ್ಪ ಅಕ್ಷರ ಮುಗಿಯುವಷ್ಟರಲ್ಲಿ ಗಿರಾಕಿ ಬರುತ್ತಿದ್ದರು. ಸಣ್ಣ ಅಕ್ಷರ ಹಾಗೇ ಉಳಿದು, ಮರುದಿನ ಅದರಲ್ಲಿ ಖಣ ಕಟ್ಟಿ ಕೊಡುತ್ತಿದ್ದರು. ಪೇಟೆಯ ಅರ್ಧ ಜನ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೇ ಪೇಪರು ಓದಿದವರು. ಹೀಗಾಗಿ ಉಮರ್ಗಾ ಪೇಟೆಗೆ ಜಗತ್ತಿನ ದಪ್ಪ ಅಕ್ಷರ ಮಾತ್ರ ಗೊತ್ತಿತ್ತು.

ನಾನು ಬಸುರಿಯಾಗಿ ನಾಲ್ಕು ತಿಂಗಳು ತುಂಬಿದ್ದಾಗ ಆ ಸುದ್ದಿ ಬಂತು. ಹೊಲಿಗೆ ಯಂತ್ರದಿಂದ ಹೆಂಗಸರಿಗೆ ಬಂಜೆತನ, ಡಾಕ್ಟರರ ಎಚ್ಚರಿಕೆ. ಗುಮಾಸ್ತ ಅದನ್ನು ಓದಿದಾಗ ನಾನೂ ಅಕ್ಕನೂ ಪರದೆಯ ಈಚೆ ಇದ್ದೆವು. ಅವಳು ಯಾರದೋ ಕುಬಸದ ತೋಳು ಕೂಡಿಸುತ್ತಿದ್ದಳು. ಆಚೆ ಕಟ್ಟೆಯ ಮೇಲೆ ಮಾತು ನಿಂತಿತು. ಮಿಶಿನ್ ಮಾತ್ರ ನಡೆಯುತ್ತಿತ್ತು, ಆ ಸಪ್ಪಳ ಎಲ್ಲರಿಗೂ ಕೇಳಿಸುತ್ತಿತ್ತು. ಆಮೇಲೆ ಅವಳಿಗೂ ಅದು ಹೊಳೆಯಿತೇನೋ, ಕಾಲು ತೆಗೆದಳು. ಗುಮಾಸ್ತ ಗಡಬಡಿಸಿ ಮುಂದಿನ ಪುಟಕ್ಕೆ ಹೋದ.

ಸಂಜೆಯೊಳಗೆ ಸುದ್ದಿ ಪೇಟೆ ಸುತ್ತಿ ಬಂತು, ಸುತ್ತುವಾಗ ಬೆಳೆಯಿತು. ಪೇಪರಿನಲ್ಲಿದ್ದದ್ದು ಮಿಶಿನ್ ತುಳಿಯುವವಳ ಮಾತು. ಪೇಟೆಯವರು ಅದನ್ನು ಕುಬಸಕ್ಕೂ ಹಚ್ಚಿದರು. ತುಳಿತದ ದೋಷ ದಾರಕ್ಕೆ ಇಳಿಯುತ್ತದೆ, ದಾರದಿಂದ ಕುಬಸಕ್ಕೆ, ಕುಬಸ ತೊಟ್ಟ ಬಸುರಿಗೆ ಎಂದು ತಾವೇ ಲೆಕ್ಕ ಕೂಡಿಸಿದರು. ನಮ್ಮ ಜನಕ್ಕೆ ಈ ಲೆಕ್ಕ ಕಷ್ಟವಲ್ಲ. ಮೈಲಿಗೆ ಯಾವುದರಿಂದ ಯಾವುದಕ್ಕೆ ದಾಟುತ್ತದೆ ಎನ್ನುವುದನ್ನು ಎಳವೆಯಿಂದಲೇ ಬಾಯಿಪಾಠ ಮಾಡಿದವರು. ಮರುದಿನ ಒಬ್ಬಾಕೆ ಬಂದು, ಅರ್ಧ ಹೊಲಿದ ಖಣವನ್ನು ಹಾಗೇ ಕೊಡು, ಉಳಿದದ್ದು ಮನೆಯಲ್ಲಿ ಕೈಹೊಲಿಗೆ ಹಾಕುತ್ತೇನೆ ಎಂದಳು. ಆಕೆಗೆ ನಾಚಿಕೆಯಾಗಿತ್ತು, ಅಕ್ಕನ ಮುಖ ನೋಡಲಿಲ್ಲ. ಉಳಿದವರು ಬರಲೇ ಇಲ್ಲ.

ನನ್ನ ಗಂಡ ಆ ಪೇಪರನ್ನು ಹುಡುಕಿ ಸಣ್ಣ ಅಕ್ಷರವನ್ನೂ ಓದಿದರು. ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದರು. ಯಾವುದೋ ಪರದೇಶದ ಕಾರಖಾನೆಯಲ್ಲಿ ಹಗಲೂ ರಾತ್ರಿ ಮಿಶಿನ್ ತುಳಿಯುವ ಹುಡುಗಿಯರಿಗೆ ಸೊಂಟ ನೋಯುತ್ತದೆ ಎಂದು ಒಬ್ಬ ಡಾಕ್ಟರು ಹೇಳಿದ್ದಾನೆ, ಹೆರಿಗೆಗೂ ತೊಂದರೆ ಆದೀತೇನೋ ನೋಡಬೇಕು ಎಂದಿದ್ದಾನೆ, ಅಷ್ಟೇ. ಬಂಜೆತನ ಎಂಬುದು ದಪ್ಪ ಅಕ್ಷರ ಬರೆದವನ ತಲೆಯಿಂದ ಬಂದದ್ದು. ಅದರ ಕೆಳಗೇ ಕೈಯಿಂದ ತಿರುಗಿಸುವ ಮಿಶಿನ್ನಿನ ಜಾಹೀರಾತು ಬೇರೆ ಇದೆ ಎಂದರು. ಮಾವ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಪೇಪರಿನವರಿಗೆ ನಮ್ಮ ಮನೆಯ ಮೇಲೆ ಏನು ಹಗೆ, ಸುಳ್ಳು ಯಾಕೆ ಹಾಕುತ್ತಾರೆ ಎಂದರು. ಭಾವ ತಲೆ ಎತ್ತಲಿಲ್ಲ. ಪೇಟೆಯ ಸಿಂಪಿಗರ ಹೆಂಗಸರು ಹುಟ್ಟಿದಾಗಿನಿಂದ ಮಿಶಿನ್ ತುಳಿಯುತ್ತಾರಲ್ಲ, ಅವರಿಗೆ ಮನೆ ತುಂಬ ಮಕ್ಕಳಲ್ಲವೇ ಎಂದು ನಾನು ಕೇಳಿದೆ. ಹೊಸ ಸೊಸೆ ಅಷ್ಟು ಮಾತಾಡಬಾರದಿತ್ತು. ಅತ್ತೆಯ ಹತ್ತಿರ ಅದಕ್ಕೂ ಉತ್ತರವಿತ್ತು.

"ಅವರದು ಹುಟ್ಟು ಕಸಬು," ಎಂದರು. "ಕಸಬಿನವರಿಗಿ ಆ ದೋಷ ತಾಕಂಗಿಲ್ಲ. ನಮಗ ತಾಕ್ತದ."

ನನ್ನ ಗಂಡ ತಂಬಿಗೆ ಎತ್ತಿ ನೀರು ಕುಡಿದರು. ಓದಿದ ಮನುಷ್ಯನನ್ನು ಸೋಲಿಸಲು ಇಂಥ ಒಂದು ಮಾತು ಸಾಕು.

ನನ್ನ ಕುಬಸಕ್ಕೆ ಅಕ್ಕ ಮೊದಲೇ ಖಣ ಆರಿಸಿ ಇಟ್ಟಿದ್ದಳು, ಹಸಿರು ಮೈ, ಕೆಂಪು ಅಂಚು. ಅಂಗಡಿಗೆ ಗಂಟು ಬಂದ ದಿನವೇ ಅದನ್ನು ಎತ್ತಿ ಒಳಗಿಟ್ಟವಳು. ಅದನ್ನು ಅತ್ತೆ ಅವಳ ಪೆಟ್ಟಿಗೆಯಿಂದ ತೆಗೆದು, ಕಾಸಾರಶಿರಸಿಯಿಂದ ಬಂದಿದ್ದ ನನ್ನ ಅವ್ವನ ಕೈಗೆ ಕೊಟ್ಟರು. ಅವ್ವ ನನ್ನ ಮುಖ ನೋಡಿದಳು, ಬೀಗಿತಿಯ ಮುಖ ನೋಡಿದಳು, ಸೂಜಿ ದಾರ ಹಿಡಿದು ಕೂತಳು. ನನಗೆ ಆ ಕುಬಸ ತೊಡಲು ಮನಸ್ಸಿರಲಿಲ್ಲ. ಎಲ್ಲರೂ ಉಡಿ ತುಂಬುವಾಗ ಅಕ್ಕ ಒಲೆಯ ಮುಂದೆ ಇದ್ದಳು, ಹೋಳಿಗೆಯ ವಾಸನೆ ನಡುಮನೆಯ ತನಕ ಬರುತ್ತಿತ್ತು. ಹಾಡು ಹೇಳುತ್ತಿದ್ದವರ ನಡುವೆ ಕೂತು ನಾನು ಅತ್ತುಬಿಟ್ಟೆ. ಬಸುರಿಗೆ ತವರಿನ ನೆನಪಾಗಿದೆ ಎಂದು ಹೆಂಗಸರು ನಕ್ಕರು. ತವರು ಪಕ್ಕದಲ್ಲೇ ಕೂತಿತ್ತು.

ಕಾರ್ಯ ಮುಗಿದ ಮಧ್ಯಾಹ್ನ ಅಕ್ಕನ ಹತ್ತಿರ ಹೋಗಿ, ಸಣ್ಣ ಅಕ್ಷರದಲ್ಲಿದ್ದದ್ದನ್ನು ಮತ್ತೊಮ್ಮೆ ಹೇಳಿದೆ. ಸುದ್ದಿ ಸುಳ್ಳು, ಮಿಶಿನ್ ಬಿಡಬೇಡ, ನಾಳೆ ನಾಡಿದ್ದರಲ್ಲಿ ಮರೆತು ಎಲ್ಲರೂ ಬರುತ್ತಾರೆ ಎಂದೆ. ಅವಳು ಬಾಬಿನ್ನಿಗೆ ಸುತ್ತಿದ್ದ ಹಸಿರು ದಾರವನ್ನು ಬಿಚ್ಚುತ್ತಿದ್ದಳು.

"ಸುಳ್ಳು ಅಂಬೋದು ನನಗೂ ತಿಳೀತದ," ಎಂದಳು. "ಆದ್ರ ತಂಗಿ, ಇಷ್ಟು ವರ್ಷ ಎಲ್ಲಾರೂ ನನ್ನ ಮೈಯಾಗೇ ಏನೋ ಕೊರತಿ ಅದ ಅಂದ್ರು. ಈಗ ಮೊದಲ ಸಲ ಒಬ್ಬಾಂವ, ಕೊರತಿ ಆಕಿದಲ್ಲ, ಮಿಶಿನ್ದು ಅಂದಾನ. ಒಂದು ವರ್ಷ ಅದು ಖರೇ ಇರ್ಲಿ ಬಿಡು."

ಮಿಶಿನ್ ಬಂದದ್ದು ಅವಳ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಅದಕ್ಕೂ ಹಿಂದಿನ ಬರಿದಾದ ವರ್ಷಗಳನ್ನು ಮನೆಯಲ್ಲಿ ಎಲ್ಲರೂ ಮರೆತುಬಿಟ್ಟರು. ಅವಳೂ ಬೇಕೆಂದೇ ಮರೆತಳು. ಅತ್ತೆ ಕೂಡ ಆಗ ಮೆತ್ತಗಾಗಿದ್ದರು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಮಿಶಿನ್ ಹೋದರೆ ಮೊಮ್ಮಗ ಬರುತ್ತಾನೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು. ಎರಡನೆಯ ಹೆಣ್ಣಿನ ಮಾತು ನಿಂತಿತು. ಅಕ್ಕನ ತಟ್ಟೆಗೆ ತುಪ್ಪ ಹೆಚ್ಚು ಬಿತ್ತು.

ಮಿಶಿನ್ ಚಕ್ಕಡಿಯಲ್ಲಿ, ಹೈದರಾಬಾದ್ ರಸ್ತೆಯ ಮೇಲಿನ ತುರೋರಿ ಎಂಬ ಹಳ್ಳಿಗೆ ಹೋಯಿತು. ಅಲ್ಲಿ ಲಾರಿ ನಿಲ್ಲುವ ಜಾಗದಲ್ಲಿ ಒಬ್ಬ ಸಿಂಪಿಗ ಅಂಗಡಿ ಇಟ್ಟಿದ್ದ. ಮಾವನಿಗೆ ಪರಿಚಯದವನು. ಇಟ್ಟುಕೋ, ಹೊಲಿದುಕೋ, ಬೇಕಾದಾಗ ತರಿಸಿಕೊಳ್ಳುತ್ತೇವೆ ಎಂದು ಅವನ ಹತ್ತಿರ ಇಟ್ಟು ಬಂದರು. ಚಕ್ಕಡಿ ಹೊರಡುವಾಗ ಅಕ್ಕ ಹೊರಗೆ ಬರಲಿಲ್ಲ. ಎಣ್ಣೆಯ ಡಬ್ಬಿಯನ್ನು ಮಾತ್ರ ಕಳಿಸಿಕೊಟ್ಟಳು, ಅದೂ ನನ್ನ ಕೈಯಲ್ಲಿ.

ಆಮೇಲೆ ನನಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮುಗಿಸಿ ತವರಿನಿಂದ ಬಂದಾಗ ಕೂಸನ್ನು ಮೊದಲು ಎತ್ತಿಕೊಂಡವಳು ಅಕ್ಕ. ಎಣ್ಣೆ ಹಚ್ಚಿ ಎರೆಯುವುದು, ತೂಗುವುದು, ಲಿಂಗ ಕಟ್ಟಿಸುವ ದಿನ ಅಯ್ಯನವರ ಮುಂದೆ ಹಿಡಿದು ಕೂರುವುದು, ಎಲ್ಲ ಅವಳದೇ. ತೊಗರಿಬೇಳೆ ಆರಿಸುತ್ತ ಕೂತಾಗ ಅವಳ ಬಲಗಾಲು ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ನೋಡಿದವರು ಕೂಸನ್ನು ತೂಗುವ ರೂಢಿ ಎಂದುಕೊಂಡರು. ಪ್ರತಿ ತಿಂಗಳು ಆ ನಾಲ್ಕು ದಿನ ಅವಳು ಹಿತ್ತಿಲ ಕಡೆ ಕೂರುವಾಗ ಅತ್ತೆಯ ಮುಖ ಸಣ್ಣದಾಗುತ್ತಿತ್ತು, ಅಕ್ಕನ ಮುಖ ಅದಕ್ಕಿಂತ ಸಣ್ಣದು. ಅವಳನ್ನು ಹಾಗೆ ನೋಡಿ ನನಗೆ ಆ ಪೇಪರಿನವನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಅವನು ಆ ದಪ್ಪ ಅಕ್ಷರ ಬರೆದು, ಚಹಾ ಕುಡಿದು, ಅಂದೇ ಮರೆತಿರುತ್ತಾನೆ.

ಮಿಶಿನ್ ಹೋಗಿ ವರ್ಷ ತುಂಬುವುದಕ್ಕೆ ಇನ್ನೂ ಸ್ವಲ್ಪ ದಿನ ಇದ್ದಾಗ ಕಲ್ಯಾಣದ ಕಡೆ ಒಂದು ಮದುವೆಗೆ ಹೊರಟೆವು. ಅತ್ತೆ, ಅಕ್ಕ, ನಾನು, ನನ್ನ ತೊಡೆಯ ಮೇಲೆ ಕೂಸು. ಬಸ್ಸು ತುರೋರಿಯಲ್ಲಿ ನಿಂತಿತು. ಡ್ರೈವರು ಚಹಾಕ್ಕೆ ಇಳಿದ. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ನನಗಿಂತ ಮೊದಲು ಅವಳಿಗೆ ಸಪ್ಪಳ ಕೇಳಿಸಿತು, ತಟ್ಟನೆ ಆ ಕಡೆ ತಿರುಗಿದಳು. ರಸ್ತೆಯ ಆಚೆ ತಗಡಿನ ಚಪ್ಪರದ ಕೆಳಗೆ ಅವಳ ಮಿಶಿನ್. ಸಿಂಪಿಗ ಇರಲಿಲ್ಲ. ಅವನ ಹೆಂಡತಿ ಕೂತು ತುಳಿಯುತ್ತಿದ್ದಳು, ಲಾರಿಯವರ ಖಾಕಿ ಚಡ್ಡಿಯೋ ಏನೋ. ದಿನ ತುಂಬಿದ ಬಸುರಿ. ಹೊಟ್ಟೆ ಮಿಶಿನ್ನಿನ ಹಲಗೆಗೆ ತಾಗುತ್ತದೆಂದು ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡು, ಕೈ ಚಾಚಿ ಅರಿವೆ ಹಿಡಿದಿದ್ದಳು. ಪಕ್ಕದಲ್ಲಿ ಇನ್ನೊಂದು ಕೂಸು ಚಿಂದಿಯ ಮೇಲೆ ಮಲಗಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. ನಾನು ಅವಳ ಕೈ ಹಿಡಿದೆ. ಅತ್ತೆಯೂ ನೋಡಿದರು, ನೋಡಿ ಸೆರಗು ಸರಿಮಾಡಿಕೊಂಡು, ಅವರದು ಕಸಬು ಎಂದರು. ಆದರೆ ಈ ಸಲ ಆ ಮಾತು ಬಾಯಿಯಿಂದ ಬಂತು, ಅಷ್ಟೇ. ಬಸ್ಸು ಹೊರಟ ಮೇಲೆ ಅಕ್ಕ ನನ್ನ ಕಡೆ ಬಾಗಿದಳು.

"ಎಣ್ಣಿ ಹಾಕಂಗಿಲ್ಲ ಆಕಿ," ಎಂದಳು. "ಗಾಲಿ ಅಳಲತ್ತದ."

ತಿರುಗಿ ಬಂದ ಮೇಲೆ, ವರ್ಷ ತುಂಬಿದ ಮೇಲೆ, ಅತ್ತೆ ಮತ್ತೆ ಬಾಯಿ ತೆಗೆದರು. ಈ ಸಲ ಯಾರದೋ ಮನೆಯ ಸುದ್ದಿಯ ಮರೆ ಇರಲಿಲ್ಲ. ನಾವು ಮೂವರೇ ಅಡಿಗೆಮನೆಯಲ್ಲಿದ್ದೆವು.

"ಮಿಶಿನ್ ಹೋಗಿ ವರ್ಷ ಆತು," ಎಂದರು. "ಅದರದು ತಪ್ಪಿದ್ದಿಲ್ಲ ಅಂಬೋದು ಈಗ ಎಲ್ಲಾರಿಗೂ ಗೊತ್ತಾತು. ಇನ್ನ ನೀ ಅಡ್ಡ ಬರಬ್ಯಾಡವ್ವಾ."

ನನಗೆ ಆಗ ತಿಳಿಯಿತು, ಆ ಸುಳ್ಳು ಎಂಥ ಕೆಲಸ ಮಾಡಿತ್ತು ಎಂದು. ಮೊದಲು ಅವಳ ಮೇಲಿದ್ದದ್ದು ಬರೀ ಅನುಮಾನ. ಪೇಪರು ಬಂದು ಅದನ್ನು ಮಿಶಿನ್ನಿನ ಮೇಲೆ ಹಾಕಿತು. ಮಿಶಿನ್ನನ್ನು ವರ್ಷವಿಡೀ ಹೊರಗಿಟ್ಟು ನೋಡಿದ್ದಾಯಿತು. ಈಗ ಅದೇ ಸುಳ್ಳು ಅವಳ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಸುಳ್ಳು ಎಂದು ಕೂಗಿ ಹೇಳಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅದು ಸುಳ್ಳು ಎಂದು ಈಗ ಅತ್ತೆಯೇ ಹೇಳುತ್ತಿದ್ದರು. ಅಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿದಳು. ಆಮೇಲೆ ಹೇಳಿದಳು.

"ಆತ್ರಿ ಅತ್ತಿ. ಅದರದು ತಪ್ಪಿಲ್ಲ ಅಂದ ಮ್ಯಾಲ ಅದನ್ನ ಮನಿಗಿ ತರ್ರಿ. ಆಮ್ಯಾಲ ಲಗ್ನ ಮಾಡ್ರಿ."

ಅಷ್ಟೇ ಅವಳು ಕೇಳಿದ್ದು. ಒಬ್ಬ ಹೆಂಡತಿ ಇರುವಾಗ ಇನ್ನೊಂದು ಮದುವೆ ಮಾಡಿಕೊಳ್ಳಲು ಈಗ ಕಾಯ್ದೆ ಬಿಡುವುದಿಲ್ಲ ಎಂದು ನನ್ನ ಗಂಡ ಮನೆಯಲ್ಲಿ ಹೇಳಿದರು. ಅದೂ ಪೇಪರಿನಲ್ಲಿ ಬಂದಿತ್ತು, ದಪ್ಪ ಅಕ್ಷರದಲ್ಲೇ ಬಂದಿತ್ತು. ಆ ಸುದ್ದಿಯೊಂದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಪೇಪರಿನವರು ಏನೇನೋ ಬರೆಯುತ್ತಾರೆ ಎಂದು ಮಾವ ಕೈ ಬೀಸಿದರು.

ಭಾವನೇ ಹೋಗಿ ತುರೋರಿಯಿಂದ ಮಿಶಿನ್ ತಂದರು. ಅಕ್ಕ ಅದನ್ನು ಬಿಚ್ಚಿ, ಒರೆಸಿ, ಸಂದುಸಂದಿಗೂ ಎಣ್ಣೆ ಬಿಟ್ಟು, ಒಂದಿಡೀ ದಿನ ಅದರ ಮುಂದೆ ಕೂತಳು. ಮುಂದಿನ ತಿಂಗಳು ಉದಗೀರಿನ ಕಡೆಯಿಂದ ಹೊಸಬಳು ಬಂದಳು. ನನಗಿಂತ ಚಿಕ್ಕವಳು, ಸಾಧು ಹುಡುಗಿ, ಬಾಯಿ ಬಿಟ್ಟರೆ ಅಳು ಬರುತ್ತದೇನೋ ಎನ್ನುವ ಹಾಗೆ ಇರುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಬೇಕೆಂದು ನಾನು ಗಟ್ಟಿ ಮನಸ್ಸು ಮಾಡಿದ್ದೆ, ಆಗಲಿಲ್ಲ. ಅಕ್ಕ ಮೊದಲ ದಿನವೇ ಅವಳ ತಲೆ ಬಾಚಿ ಹೆರಳು ಹಾಕಿದಳು.

ಆಮೇಲಿನ ವರ್ಷಗಳಲ್ಲಿ ನಮ್ಮ ಸೀಮೆಯೇ ಅಲ್ಲಾಡಿತು. ಹೈದರಾಬಾದ್ ರಾಜ್ಯ ಒಡೆಯಿತು. ಒಂದು ದಿನ ಕಟ್ಟೆಯ ಮೇಲೆ ಉಮರ್ಗಾ ಮೈಸೂರಿಗೆ ಹೋಯಿತು ಎಂದು ಓದಿದರು, ಯಾರೋ ಸಕ್ಕರೆ ಹಂಚಿದರು. ಇನ್ನೊಂದು ದಿನ ಮುಂಬಯಿಗೆ ಎಂದು ಓದಿದರು, ಬೇರೆ ಯಾರೋ ಸಕ್ಕರೆ ಹಂಚಿದರು. ಮೊದಲು ಹಂಚಿದವರು ಎರಡನೆಯ ಸಕ್ಕರೆಯನ್ನೂ ತಿಂದರು. ಮುಂಬಯಿಗೇ ಹೋದೆವು, ಮತ್ತೆ ಕೆಲವು ವರ್ಷಕ್ಕೆ ಮಹಾರಾಷ್ಟ್ರವಾಯಿತು. ಆ ಹೊತ್ತಿಗೆ ನನಗೆ ಇನ್ನೂ ಇಬ್ಬರು ಮಕ್ಕಳಾಗಿದ್ದರು. ಪೇಟೆಯ ಬಸುರಿಯರು ಪೇಪರಿನ ಸುದ್ದಿ ಮರೆತು ಮತ್ತೆ ಅಕ್ಕನಿಗೆ ಅಳತೆ ಕೊಡಲು ಬರುತ್ತಿದ್ದರು. ಹೊಸಬಳು ಮಿಶಿನ್ ಮುಟ್ಟದಂತೆ ಅತ್ತೆ ಕಾಯುತ್ತಿದ್ದರು, ಅವಳ ತಟ್ಟೆಗೂ ತುಪ್ಪ ಹೆಚ್ಚು ಬೀಳುತ್ತಿತ್ತು. ಅವಳೂ ಪ್ರತಿ ತಿಂಗಳು ಹಿತ್ತಿಲ ಕಡೆ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ಹೊಲಿಯುತ್ತಿದ್ದಳು. ಹೊಸಬಳು ನೆಲದ ಮೇಲೆ ಕೂತು ಗುಂಡಿ ಆರಿಸುತ್ತಿದ್ದಳು, ನಾನು ಬಾಗಿಲ ಹತ್ತಿರ. ಪರದೆಯ ಆಚೆ ಭಾವ ಯಾರಿಗೋ ಮಲಮಲ್ ಅರಿವೆ ಹರಿದು ಕೊಡುತ್ತಿದ್ದರು. ಅತ್ತೆ ಬಂದು ನಿಂತರು. ಅವರೂ ಸೊರಗಿದ್ದರು, ಗದರಿಸುವ ಶಕ್ತಿ ಉಳಿದಿರಲಿಲ್ಲ. ಮಿಶಿನ್ ತುಳಿಯುವುದಷ್ಟೇ ಅಲ್ಲ, ಅದರ ಸಪ್ಪಳ ದಿನವಿಡೀ ಕಿವಿಗೆ ಬಿದ್ದರೂ ಮೈಗೆ ತಾಕುತ್ತದೆಂದು ಯಾರೋ ಹೇಳಿದ್ದಾರೆ, ಈ ಹುಡುಗಿಗಾದರೂ ಒಳ್ಳೆಯದಾಗಲಿ, ಅದನ್ನು ಇನ್ನೊಮ್ಮೆ ತುರೋರಿಗೆ ಕಳಿಸೋಣ ಎಂದರು. ಹೊಸಬಳು ತಲೆ ತಗ್ಗಿಸಿದಳು.

ಅಕ್ಕ ಕಾಲು ನಿಲ್ಲಿಸಲಿಲ್ಲ. ಅಂಚು ಮುಗಿಯುವ ತನಕ ಹೊಲಿದು, ಅರಿವೆ ತಿರುಗಿಸಿ ಹಿಡಿದುಕೊಂಡು, ಮೆಲ್ಲಗೆ ಹೇಳಿದಳು. ಸಿಟ್ಟಿರಲಿಲ್ಲ ಅದರಲ್ಲಿ.

"ಪೇಪರದಾಗ ತುಳಿಯೋದಷ್ಟ ಬರದಿತ್ರಿ ಅತ್ತಿ, ಸಪ್ಪಳದ್ದು ಬರದಿದ್ದಿಲ್ಲ. ನಾವಿಬ್ಬರದೂ ನೋಡಿದ್ದಾತು, ಮಿಶಿನ್ದೂ ನೋಡಿದ್ದಾತು. ಮನ್ಯಾಗ ಇನ್ನೊಬ್ಬರು ಉಳದಾರಲ್ಲ, ಅವರದು ಯಾವ ಪೇಪರದಾಂವನೂ ಬರೀಲಿಲ್ಲ."

ಪರದೆಯ ಆಚೆ ಅರಿವೆ ಹರಿಯುವ ಸದ್ದು ನಡುವೆಯೇ ನಿಂತಿತು. ಯಾಕೆ ನಿಲ್ಲಿಸಿದಿರಿ ಎಂದು ಗಿರಾಕಿ ಭಾವನನ್ನು ಕೇಳಿದ. ಅತ್ತೆ ಆ ಪರದೆಯನ್ನೇ ನೋಡುತ್ತ ನಿಂತಿದ್ದು, ಆಮೇಲೆ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದರು. ಅಕ್ಕ ಸ್ಟೂಲಿನ ಮೇಲೆ ಒಂದು ಕಡೆಗೆ ಸರಿದು ಹೊಸಬಳಿಗೆ ಕೂರಲು ಜಾಗ ಮಾಡಿದಳು.